ಮುಖಕ್ಕೆ ಹಚ್ಚುವ ರೆಡ್ ವೆಲ್ವೆಟ್

ನಮ್ಮ ಕಲಬುರಗಿಯಲ್ಲಿ ಅಣ್ಣಂದಿರ ಹುಟ್ಟುಹಬ್ಬಕ್ಕೆ ಮೂರು ಸಾಮಾನು ಬೇಕೇ ಬೇಕು. ಸರ್ಕಲ್‌ಗೊಂದು ಫ್ಲೆಕ್ಸ್, ಸೇಬಿನ ಹಾರ ಎತ್ತಲು ಒಂದು ಕ್ರೇನ್, ಕೇಕ್ ಕತ್ತರಿಸಲು ಒಂದು ತಲವಾರ್. ಮೊದಲ ಎರಡಕ್ಕೆ ಬಾಡಿಗೆ ರೇಟ್ ಇದೆ. ಮೂರನೆಯದು ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಅಣ್ಣ ಅನ್ನಿಸಿಕೊಳ್ಳಲು ದೊಡ್ಡ ಪದವಿಯೇನೂ ಬೇಕಿಲ್ಲ. ಮುಂದಿನ ಸಲ ಕಾರ್ಪೊರೇಷನ್ ಟಿಕೆಟ್ ಕೇಳುವ ಮನಸ್ಸಿದ್ದರೆ ಸಾಕು.

ಈಗ ಹೊಸ ಷರತ್ತೊಂದು ಸೇರಿದೆ. ಬೇಕರಿ ಕೇಕ್ ನಡೆಯಲ್ಲ, ಮನೆಯಲ್ಲೇ ಮಾಡಿದ್ದು ಬೇಕು. ಅದೂ ರೆಡ್ ವೆಲ್ವೆಟ್. ಮೇಲೆ ಬೆಳ್ಳಗೆ ಕ್ರೀಮು, ತಲವಾರ್ ಇಳಿದ ಕೂಡಲೇ ಒಳಗಿಂದ ಕೆಂಪು. ಸ್ಲೋ ಮೋಷನ್‌ನಲ್ಲಿ ಭಾರಿ ಕಾಣುತ್ತದಂತೆ.

ಹೀಗಾಗಿ ನಮ್ಮ ಓಣಿಯಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುವ ವೈನಿಗೆ, ಅಂದ್ರೆ ಅತ್ತಿಗೆಗೆ, ಹತ್ತು ಕೆಜಿ ಆರ್ಡರ್ ಬಂತು. ಹುಡುಗರ ಮೊದಲ ಪ್ರಶ್ನೆ, "ಎಗ್‌ಲೆಸ್ ಅದ ಹೌದಲ್ರೀ ಅಕ್ಕಾರ?" ಹಚ್ಚುವುದು ಮುಖಕ್ಕೆ. ಆದರೂ ತತ್ತಿ ಇರಬಾರದು. ಮಡಿ ಅಂದ್ರೆ ಮಡಿ.

ವೈನಿ ಕೆಲಸದಲ್ಲಿ ಕಟ್ಟುನಿಟ್ಟು. ಮೈದಾ ಎರಡು ಸಲ ಜರಡಿ ಹಿಡಿಯುತ್ತಾರೆ. ಕೋಕೋ ಪುಡಿ ಒಂದೆರಡು ಚಮಚ ಮಾತ್ರ, ಜಾಸ್ತಿ ಆದರೆ ಅದು ಚಾಕೊಲೇಟ್ ಕೇಕ್. ಮಜ್ಜಿಗೆ ಬೇಕು. ಕೊನೆಗೆ ಅಡುಗೆ ಸೋಡಾಕ್ಕೆ ವಿನೆಗರ್ ಬಿದ್ದಾಗ ಚೊಂಯ್ ಅಂತ ನೊರೆ ಏಳುತ್ತದಲ್ಲ, ತಡ ಮಾಡದೆ ಅದನ್ನು ಹಿಟ್ಟಿಗೆ ಕಲಸಿ ಓವನ್‌ಗೆ ಇಡಬೇಕು. ಆ ಗಾಳಿಗುಳ್ಳೆಗಳೇ ಕೇಕನ್ನು ಹಗುರ ಮಾಡುವುದು. 180 ಡಿಗ್ರಿಯಲ್ಲಿ ಅರ್ಧ ಗಂಟೆ ಮೇಲೆ. ಅಷ್ಟರೊಳಗೆ ಕರೆಂಟ್ ಹೋದರೆ ಕೇಕಿನ ನಡು ಕುಸಿದು ತಗ್ಗು ಬೀಳುತ್ತದೆ, ನಮ್ಮ ರಿಂಗ್ ರೋಡಿನ ಹಾಗೆ. ವೈನಿಯ ಓವನ್‌ನಲ್ಲಿ ಒಂದು ಸಲಕ್ಕೆ ಒಂದು ಕೆಜಿಯಷ್ಟೇ ಹಿಡಿಯುತ್ತದೆ. ಹತ್ತು ಕೆಜಿ ಅಂದ್ರೆ ಲೆಕ್ಕ ನೀವೇ ಹಾಕಿ.

ಜಗಳ ಬಂದದ್ದು ಬಣ್ಣಕ್ಕೆ. 2024ರಲ್ಲಿ ನಮ್ಮ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿ, ಕಬಾಬ್‌ಗಳ ಬಣ್ಣ ಒಂದಾದ ಮೇಲೊಂದು ಇಳಿಸಿತು. ಆಮೇಲೆ ಕೇಕಿನ ಸರದಿ. ಆಹಾರ ಸುರಕ್ಷತೆಯವರು 235 ಕೇಕ್ ಮಾದರಿ ಪರೀಕ್ಷಿಸಿ, 12 ತಿನ್ನಲು ಸುರಕ್ಷಿತವಲ್ಲ ಅಂದರು. ರೆಡ್ ವೆಲ್ವೆಟ್ ಹೆಸರೂ ಅದರಲ್ಲಿತ್ತು. ಅಂದಿನಿಂದ ವೈನಿ ಬಾಟಲಿ ಬಣ್ಣ ಮುಟ್ಟಲ್ಲ, ಬೀಟ್‌ರೂಟ್ ರಸ ಹಾಕುತ್ತಾರೆ. ಅದಕ್ಕೆ ಶಾಖ ಆಗಿಬರಲ್ಲ, ಬೇಯುತ್ತ ಬೇಯುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಯಾಂಪಲ್ ನೋಡಿದ ಹುಡುಗರ ಮುಖ ಬಾಡಿತು. "ಕ್ಯಾಮೆರಾದಾಗ ಕಾಣಂಗಿಲ್ರೀ ಅಕ್ಕಾರ. ಬಣ್ಣ ಜೋರ್ ಹಾಕ್ರಿ." ತಿನ್ನೋರ ಗತಿ ಏನು ಅಂತ ವೈನಿ ಕೇಳಿದರು. "ತಿನ್ನೋರು ಯಾರ್ ಅದಾರ್ರಿ?"

ಆಹಾರ ಸುರಕ್ಷತೆಯನ್ನು ಇಷ್ಟು ಸರಳವಾಗಿ ಯಾವ ಇಲಾಖೆಯೂ ಬಗೆಹರಿಸಿಲ್ಲ.

ಅಲಂಕಾರದ ಕಥೆ ಬೇರೆ. ಕ್ರೀಮ್ ಚೀಸ್, ಬೆಣ್ಣೆ, ಸಕ್ಕರೆ ಪುಡಿ ಸೇರಿಸಿ ನೊರೆಯೆಬ್ಬಿಸಿ, ಮೊದಲು ತೆಳ್ಳಗೆ ಒಂದು ಕೈ ಬಳಿದು ಫ್ರಿಜ್‌ನಲ್ಲಿಟ್ಟು, ಪುಡಿ ಏಳದಂತೆ ಮೇಲೆ ಇನ್ನೊಂದು ಕೈ ಬಳಿಯಬೇಕು. ಕತ್ತರಿಸಿ ತೆಗೆದ ತುಣುಕನ್ನು ಪುಡಿ ಮಾಡಿ ಅಂಚಿಗೆ ಉದುರಿಸಿದರೆ ಅಷ್ಟೇ ಚಂದ. ಆದರೆ ಹುಡುಗರಿಗೆ ಫೋಟೊ ಬೇಕು. ತಿನ್ನುವ ಹಾಳೆಯ ಮೇಲೆ ತಿನ್ನುವ ಶಾಯಿಯಲ್ಲಿ ಅಣ್ಣನ ಫೋಟೊ. ಅಣ್ಣನ ತಲೆ ಮೇಲೆ ಅವರ ಸಾಹೇಬರು, ಸಾಹೇಬರ ಮೇಲೆ ಬೆಂಗಳೂರಿನವರು, ಅವರ ಮೇಲೆ ದಿಲ್ಲಿಯವರು. ಕೆಳಗೆ ಶುಭ ಕೋರುವವರ ಸಾಲು. ಕೊನೆಗೆ ಗುಲಾಬಿ ಹೂ ಹಾಕಲು ವೈನಿಗೆ ಉಳಿದದ್ದು ಅಂಗೈಯಷ್ಟು ಜಾಗ.

ಸಮಯ ಸಂಜೆ ಐದು, ಜಗತ್ ಸರ್ಕಲ್ ಹತ್ತಿರ. ತಿಂಗಳು ಮೇ. ನಮ್ಮ ಬಿಸಿಲಿಗೆ ಹೆದರಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಗುಮಾಸ್ತರಿಗೆ ಇರುವ ಈ ಸವಲತ್ತು ಕ್ರೀಮ್ ಚೀಸ್‌ಗೆ ಇಲ್ಲ. ಅಣ್ಣ ಬಂದದ್ದು ಏಳೂವರೆಗೆ. ಅಷ್ಟೊತ್ತಿಗೆ ದಿಲ್ಲಿಯವರು ಜಾರಿ ಬೆಂಗಳೂರಿನವರ ಮೇಲೆ ಕೂತಿದ್ದರು. ಇದರಲ್ಲಿ ಹೊಸದೇನಿಲ್ಲ ಅಂತ ಯಾರೋ ಹಿಂದಿನಿಂದ ಅಂದರು.

ತಲವಾರ್ ಎತ್ತಿದ ಮೇಲೆ ಸಣ್ಣ ಗೊಂದಲ. ಎಲ್ಲಿ ಕತ್ತರಿಸೋದು? ಅಣ್ಣನ ಕುತ್ತಿಗೆ ಮೇಲೆ ಇಳಿಸುವಂತಿಲ್ಲ, ಸಾಹೇಬರ ಮೇಲೂ ಇಳಿಸುವಂತಿಲ್ಲ. ಕೆಳಗಿನ ಮೂಲೆಯಲ್ಲಿ ಕಡ್ಡಿಪೆಟ್ಟಿಗೆಯಷ್ಟು ಫೋಟೊ ಇದ್ದ ಹುಡುಗನ ಮೇಲೆ ಇಳಿಸಿದರು. ಪಾಪ, ಕೇಕಿಗೆ ಅಡ್ವಾನ್ಸ್ ಕೊಟ್ಟವನು ಅವನೇ.

ಮುಂದಿನದು ಐದೇ ನಿಮಿಷ. ಅಣ್ಣನ ಕೆನ್ನೆ, ಕಿವಿ, ಮೂಗಿನ ಹೊಳ್ಳೆ, ಖಾದಿ ಅಂಗಿ ಎಲ್ಲ ಕಡೆ ಹತ್ತು ಕೆಜಿ ಹಂಚಿಹೋಯಿತು. ಎರಡು ಕಡೆ ಆಟೋ, ಟಂಟಂ ಹಾರ್ನ್ ಹೊಡೆಯುತ್ತ ನಿಂತಿದ್ದವು. ನಾಯಿಯೊಂದು ಬಂದು ಮೂಸಿ ನೋಡಿ ಹೋಯಿತು. ಅದೂ ಸುದ್ದಿ ಓದುತ್ತದೋ ಏನೋ.

ರಾತ್ರಿಯೇ ರೀಲ್ಸ್ ಹಾಕಿದರು, ಠಾಣೆಯನ್ನೂ ಟ್ಯಾಗ್ ಮಾಡಿಬಿಟ್ಟಿದ್ದರಂತೆ. ಪೊಲೀಸರಿಗೆ ಪತ್ತೆ ಕೆಲಸವೇ ಉಳಿಯಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸ್ ಬಿತ್ತು, ತಲವಾರ್ ಜಪ್ತಿ ಆಯಿತು. ಮೊದಲ ಆರೋಪಿಯನ್ನು ಗುರುತಿಸಲು ಮಾತ್ರ ತಡವಾಯಿತು, ವಿಡಿಯೊದಲ್ಲಿ ಮುಖ ಪೂರ್ತಿ ಕ್ರೀಮು.

ವೈನಿ ಬಾಕಿ ರೊಕ್ಕಕ್ಕೆ ಫೋನ್ ಮಾಡಿದರು. ಆ ಕಡೆಯಿಂದ ಹುಡುಗ ಭಾಳ ಮರ್ಯಾದೆಯಿಂದಲೇ ಹೇಳಿದ: "ಅಣ್ಣಾರಿಗಿ ಬೇಲ್ ಸಿಗ್ಲಿರೀ ಅಕ್ಕಾರ. ಆ ಖುಷಿಗಿ ಇನ್ನೊಂದು ಹತ್ತು ಕೆಜಿ ಹೇಳ್ತೀವಿ. ಎರಡೂ ಕೂಡಿಸಿ ಕೊಡ್ತೀವಿ."