ಗ್ರಾಫಿನಲ್ಲಿ ಮಾತ್ರ ಓಡುವ ಸರ್ವರ್

ನಮ್ಮ ವಿಜಯಪುರದ ಪತ್ತಿನ ಸಹಕಾರಿ ಸಂಘಕ್ಕೆ ಸರ್ವರ್ ಮಾರೋಕೆ ಬಂದವರು ಮೊದಲು ತೆಗೆಯೋದು ವೇಗ ತೋರಿಸೋ ಬಣ್ಣದ ಗ್ರಾಫು. ಇವರ ಕಂಬ ಎತ್ತರ, ಎದುರಾಳಿಯದು ಗಿಡ್ಡ. ಆಮೇಲೆ ಎದುರಾಳಿ ಬಂದರೆ ಕಂಬಗಳು ಅದಲುಬದಲು! ಕಣ್ಣು ಕಿರಿದು ಮಾಡಿ ನೋಡಿದರೆ ಗ್ರಾಫು ಸೊನ್ನೆಯಿಂದ ಶುರುವೇ ಆಗಿರಲ್ಲ. ಹೋಲಿಸಿರೋದು ತಮ್ಮ ಹೊಸ ಮಾಡೆಲನ್ನು, ಪಕ್ಕದವರ ಹಳೇದರ ಜೊತೆ.

ಇಂಥದ್ದಕ್ಕೆ ಲಗಾಮು ಹಾಕೋಕೆಂದೇ 1988ರಲ್ಲಿ ಕಂಪ್ಯೂಟರ್ ವೇಗ ಅಳೆಯೋ ಪರೀಕ್ಷೆ ರೂಪಿಸುವ ಸ್ಪೆಕ್, ಟಿಪಿಸಿ ಸಂಸ್ಥೆಗಳು ಹುಟ್ಟಿದ್ದು. ಟಿಪಿಸಿಯಲ್ಲಂತೂ ವೇಗದ ಜೊತೆ ಬೆಲೆಯನ್ನೂ ಹೇಳಬೇಕು. ಆದರೂ ಜಾಣರು ಜಾಣರೇ. 2024ರಲ್ಲಿ ಇಂಟೆಲ್ ಚಿಪ್‌ಗಳ 2,600ಕ್ಕೂ ಹೆಚ್ಚು ಫಲಿತಾಂಶಗಳ ಮೇಲೆ ಸ್ಪೆಕ್ ಆಕ್ಷೇಪದ ಮುದ್ರೆ ಒತ್ತಿತು. ಪರೀಕ್ಷೆಯ ಒಂದು ಪ್ರೋಗ್ರಾಮಿಗೆಂದೇ ಕಂಪೈಲರ್ (ಪ್ರೋಗ್ರಾಮನ್ನು ಚಿಪ್‌ನ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್) ಹೊಂದಿಸಿದ್ದರಂತೆ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕರೆ ಯಾರಾದರೂ ಫಸ್ಟ್ ಕ್ಲಾಸೇ, ಅಲ್ವಾ?

ನಮ್ಮ ಗೋಳೇ ಬೇರೆ. ಮಾರ್ಚ್ 31ರ ಸಂಜೆ ಬಡ್ಡಿ ಲೆಕ್ಕಕ್ಕೆ ಕೂತರೆ ಹಳೇ ಸಾಫ್ಟ್‌ವೇರ್ ಒಂದೇ ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡೋ ಘಟಕ) ಹಿಡಿದು ಏದುಸಿರು ಬಿಡುತ್ತದೆ. ಉಳಿದ ಕೋರ್‌ಗಳು ಸುಮ್ನೆ ಕರೆಂಟ್ ತಿನ್ನುತ್ತಾ ಕೂತಿರುತ್ತವೆ. ಕೌಂಟರ್ ಮುಂದೆ ಪಾಸ್‌ಬುಕ್ ಹಿಡಿದವರ ಸಾಲು ಬೇರೆ.

"ನಮ್ಮ ಡೇಟಾ ಹಾಕಿ ಓಡಿಸಿ ತೋರಿಸ್ರಿ" ಅಂದರೆ, "ಡೆಮೊ ಮಷೀನ್ ಬೆಂಗಳೂರಲ್ಲಿದೆ ಸರ್" ಅನ್ನುತ್ತಾರೆ. ಗ್ರಾಫು ಮಾತ್ರ ಇನ್ನೊಂದು ಪ್ರತಿ ಕೊಟ್ಟು ಹೋಗುತ್ತಾರೆ.