ಗಂಡುಹುಡುಗರೆಲ್ಲ ಮೈದಾನಕ್ಕೆ ಹೋಗ್ರಿ

ಹೈಸ್ಕೂಲಿನಲ್ಲಿ ಹದಿಹರೆಯದ ಆರೋಗ್ಯದ ಕಾರ್ಯಕ್ರಮ ಅಂದರೆ ಮೊದಲ ಅಪ್ಪಣೆ ಇದೇ. ಹುಡುಗಿಯರನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, ಮುಟ್ಟು, ರಕ್ತಹೀನತೆ, ಹದಿನೆಂಟರ ಮೊದಲು ಮದುವೆ ಬೇಡ ಅಂತ ಎಲ್ಲ ಹೇಳುತ್ತೇವೆ. ಹುಡುಗರಿಗೆ ಚೆಂಡು ಕೊಡುತ್ತೇವೆ. ಕೊಪ್ಪಳ ಸೀಮೆಯಲ್ಲಿ ಆರೋಗ್ಯ ಸಹಾಯಕನಾಗಿ ಹಾಗೆ ಚೆಂಡು ಕೊಟ್ಟವರಲ್ಲಿ ನಾನೂ ಒಬ್ಬ.

ಹೋದ ವರ್ಷ ಇಪ್ಪತ್ತರ ಹುಡುಗನೊಬ್ಬ ಬಸುರಿ ಹೆಂಡತಿಗೆ ತಾಯಿ ಕಾರ್ಡ್ ಮಾಡಿಸಲು ಬಂದ. ಆಧಾರ್ ನೋಡಿದರೆ ಆಕೆಗೆ ಹದಿನಾರು. ಇಂಥದ್ದು ಗೊತ್ತಾದ ಮೇಲೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅವರ ಮೇಲೇ ಕೇಸು. ಹುಡುಗ ನನ್ನ ಕೈ ಹಿಡಿದು, "ಸರ, ಹಿರ್ಯಾರ ನಿಂತು ಮದುವಿ ಮಾಡ್ಯಾರ್ರಿ, ಆಕೀನೂ ಒಪ್ಯಾಳ್ರಿ, ನಂದೇನ್ ತಪ್ಪು?" ಅಂದ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರೊಳಗಿನವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹೆಂಡತಿಯಾದರೂ ವಿನಾಯಿತಿ ಇಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹುಡುಗಿ ಬಸುರಾದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ ಸಜೆ. ಇದನ್ನು ಅವನಿಗೆ ಮೊದಲು ಹೇಳಿದ್ದು ಸ್ಟೇಷನ್ನಿನಲ್ಲಿ. ಆ ಸಜೆ ನ್ಯಾಯವೋ ಅನ್ಯಾಯವೋ ಅನ್ನುವ ವಾದ ಬೇರೆ. ಅವನು ಎಸೆಸೆಲ್ಸಿ ಓದಿದ್ದು ನಾನು ಚೆಂಡು ಕೊಟ್ಟ ಶಾಲೆಯಲ್ಲೇ.

ಜೈಲಿನ ಹೆದರಿಕೆ ಹುಟ್ಟಿಸಿದರೆ ಸಾಕು ಅನ್ನುತ್ತಿಲ್ಲ. ಹೆದರಿದವರು ಆಸ್ಪತ್ರೆಗೇ ಬರುವುದಿಲ್ಲ, ಹೆರಿಗೆ ಮನೆಯಲ್ಲೇ ಆಗುತ್ತದೆ. ಹದಿನಾರರ ಮೈಗೆ ಬಸುರು ಎಷ್ಟು ಭಾರ, ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಏನಾಗುತ್ತದೆ ಅನ್ನುವುದು ಗಂಡಿಗೂ ತಿಳಿದಿರಬೇಕು. ಉಪಕೇಂದ್ರದಲ್ಲಿ ನಿರೋಧ್ ಪುಕ್ಕಟೆ ಸಿಗುತ್ತದೆ, ಆದರೆ ಕೇಳಬೇಕಾದ್ದು ಸಿಸ್ಟರನ್ನು. ಅಂಗಡಿಗೆ ಹೋದರೆ ಗಲ್ಲಾ ಮೇಲೆ ಕೂತವನು ಕಾಕಾನೋ ಮಾವನೋ ಆಗಿರುತ್ತಾನೆ!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 20-24ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಇಂಥ ಮದುವೆಗಳಲ್ಲಿ ಹುಡುಗಿ ಅತ್ತು ಬೇಡ ಅಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವರ ಒಮ್ಮೆ "ನಾ ಒಲ್ಲೆ, ಆಕಿಗಿ ಹದಿನೆಂಟು ತುಂಬ್ಲಿ" ಅಂದಿದ್ದಕ್ಕೆ ಚಪ್ಪರವೇ ಏಳಲಿಲ್ಲ. ಗಂಡಿನ ಕಡೆಯವರ ಮಾತಿಗೆ ನಮ್ಮಲ್ಲಿ ಅಷ್ಟು ತೂಕ. ಅದು ಸರಿಯಲ್ಲ ನಿಜ, ಆದರೂ ಆ ತೂಕವನ್ನು ಹುಡುಗಿಯ ಪರವಾಗಿ ಯಾಕೆ ಬಳಸಬಾರದು?

ಹೋದ ವಾರ ಗ್ಯಾರೇಜಿನ ಮುಂದೆ ಏಳೆಂಟು ಹುಡುಗರನ್ನು ಕೂರಿಸಿಕೊಂಡು ಮಾತಾಡಿದೆ. ಅರ್ಧ ಗಂಟೆ ಬರೀ ಕಿಸಕಿಸ. ಎಲ್ಲ ಎದ್ದು ಹೋದ ಮೇಲೂ ಒಬ್ಬ ಸ್ಪ್ಯಾನರ್ ಒರೆಸುತ್ತ ನಿಂತೇ ಇದ್ದ. "ಸರ, ನಮ್ಮ ಸ್ವಾದರಮಾವನ ಮಗಳು ಒಂಬತ್ನೇತ್ತಾ ಓದಾಕತ್ತಾಳ. ಬರೋ ಬಸವ ಜಯಂತಿಗೆ ನನಗೂ ಆಕಿಗೂ ಅಕ್ಕಿಕಾಳ ಹಾಕೂಣು ಅನ್ನಾಕತ್ತಾರ. ನಾ ಅಪ್ಪಗ ಹೆಂಗ ಹೇಳ್ಲಿ?"

ನಾಳೆ ಸಂಜೆ ಅವರ ಮನೆಗೆ ಹೊರಟಿದ್ದೇನೆ. ಅಪ್ಪನ ಮುಂದೆ ಮೊದಲ ಮಾತು ನೀನೇ ಆಡಬೇಕು ಅಂತ ಅವನಿಗೆ ಹೇಳಿದ್ದೇನೆ.