ಆಲ್ ಗುಡ್?

ಪುಣೆಯ ರೋಡ್ ಸೈಕ್ಲಿಸ್ಟುಗಳಷ್ಟು ಮರ್ಯಾದಸ್ಥರನ್ನ ನಾನು ಇನ್ನೆಲ್ಲೂ ನೋಡಿಲ್ಲ ಕಣ್ರೀ. ಮೊನ್ನೆ ಭಾನುವಾರ ಬೆಳಿಗ್ಗೆ ಖಡಕ್‌ವಾಸ್ಲಾ ದಾರೀಲಿ ನನ್ನ ಸೈಕಲ್ ಚೈನ್ ಕಳಚ್ತು, ಬರೀ ಕಳಚಿದ್ರೆ ಪರವಾಗಿರಲಿಲ್ಲ, ಫ್ರೇಮಿಗೂ ಚೈನ್‌ರಿಂಗಿಗೂ ಮಧ್ಯೆ ಹೋಗಿ ಸಿಕ್ಕಾಕೊಂಡು ಕೂತ್ಬಿಡ್ತು. ಸೈಕಲ್ ತಲೆಕೆಳಗೆ ಮಾಡಿ ರೋಡ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. 14 ಜನ ಹಾದುಹೋದ್ರು, ಅದ್ರಲ್ಲಿ 4 ಜನ ನಮ್ಮ ಕನ್ನಡದವರ ಗ್ರೂಪಿನೋರೇ. 14 ಜನಾನೂ ಕೇಳಿದ್ರು, "ಆಲ್ ಗುಡ್?"

ಕಷ್ಟ ಏನಂದ್ರೆ 35ರ ಸ್ಪೀಡಲ್ಲಿ ಕೇಳಿದ ಪ್ರಶ್ನೆಗೆ ನಾವು ಬಾಯಿ ಬಿಡೋದ್ರೊಳಗೆ ಕೇಳಿದವನು ಮುಂದಿನ ತಿರುವಲ್ಲಿರ್ತಾನೆ. ಮೊದಲನೆಯವನಿಗೆ ಹೇಳಿದ "ಇಲ್ಲ, ಚೈನು" ಎರಡನೆಯವನಿಗೆ ಕೇಳಿಸ್ತು, ಎರಡನೆಯವನಿಗೆ ಹೇಳಿದ "ಸಿಕ್ಕಾಕೊಂಡಿದೆ" ಮೂರನೆಯವನ ಪಾಲಾಯ್ತು, ಏನು ಸಿಕ್ಕಾಕೊಂಡಿದೆ ಅಂತ ಗೊತ್ತಾಗದೆ ಅವನು ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಆಮೇಲೆ ಬಂದಿದ್ದು ಕ್ಯಾರಿಯರಿಗೆ ಚೀಲ ಕಟ್ಟಿದ ಹಳೇ ಕರಿ ಸೈಕಲ್. ನಾನು ಚೈನಿಗೆ ಬೈತಿದ್ದ ಕನ್ನಡ ಕಿವಿಗೆ ಬಿತ್ತೇನೋ, ಇಳಿದ.

"ಯಾವೂರ್ರೀ ಸರ ನಿಮ್ದು?"

ಇಂಡಿ ಕಡೆ ಗೌಂಡಿ, ಕೆಲಸಕ್ಕೆ ಹೊರಟಿದ್ದ. ಚೀಲದಿಂದ ಕರಣಿ ತೆಗೆದು ಸೀದಾ ಒಳಗೆ ತೂರಿಸಿದ. "ಕಾರ್ಬನ್ ರೀ, ಸ್ಕ್ರ್ಯಾಚ್ ಆಗುತ್ತೆ!" ಅಂತ ಕಿರುಚಿದೆ (ಹೌದು, ಸಹಾಯಕ್ಕೆ ಬಂದವನ ಮೇಲೇನೇ). ಅಷ್ಟರಲ್ಲಿ ಚೈನ್ ಹೊರಗೆ. ಕೈ ಮಣ್ಣಿಗೆ ಉಜ್ಜಿಕೊಂಡು ಸೈಕಲ್ನ ಒಂದು ಸುತ್ತು ಹಾಕಿ ನೋಡಿದ. "ಸ್ಟ್ಯಾಂಡಿಲ್ಲ, ಗಂಟಿಲ್ಲ, ಮಡ್‌ಗಾರ್ಡಿಲ್ಲ. ಅಂಗಡ್ಯಾಂವ ಬರೋಬ್ಬರಿ ಟೋಪಿ ಹಾಕ್ಯಾನ್ರೀ ನಿಮಗ."

ಅಲ್ಲಿಂದ ಎರಡು ಕಿಲೋಮೀಟರ್ ಮುಂದೆ ಯಾರೋ ಪಂಕ್ಚರ್ ಆಗಿ ನಿಂತಿದ್ರು. ನಾನೂ ಕೇಳಿದೆ, "ಆಲ್ ಗುಡ್?" ನಿಲ್ಲೋಕಾಗಲಿಲ್ಲ, ಸವಾರಿಯ ಲೆಕ್ಕ ಇಡೋ ಸ್ಟ್ರಾವಾ ಆ್ಯಪಲ್ಲಿ ಆವರೇಜ್ ಸ್ಪೀಡ್ ಆಗಲೇ ನೆಲ ಕಚ್ಚಿತ್ತು.

ಇಡ್ಲಿ ತಿನ್ನೋ ಜಾಗದಲ್ಲಿ ಆ ನಾಲ್ಕೂ ಜನ ಸಿಕ್ರು. ಚರ್ಚೆ ಬಹಳ ಗಂಭೀರವಾಗಿತ್ತು: 2010ರ ಟೂರ್ ಡಿ ಫ್ರಾನ್ಸ್. ರೇಸಲ್ಲಿ ಮುಂದಿರೋನಿಗೆ ಕೊಡೋ ಹಳದಿ ಜೆರ್ಸಿ ಹಾಕಿದ್ದ ಆಂಡಿ ಶ್ಲೆಕ್ ಬೆಟ್ಟ ಹತ್ತೋವಾಗ ಅವನ ಚೈನ್ ಬಿತ್ತು, ಆಲ್ಬರ್ಟೊ ಕೊಂಟಾಡೋರ್ ನಿಲ್ಲದೆ ಹೋದ, ಆವತ್ತು ಗಳಿಸಿದ್ದು 39 ಸೆಕೆಂಡು, ಕೊನೆಗೆ ಪ್ಯಾರಿಸಲ್ಲಿ ಗೆದ್ದಿದ್ದೂ ಅದೇ 39 ಸೆಕೆಂಡಲ್ಲಿ. ಆವತ್ತೇ ಸಂಜೆ ವಿಡಿಯೋ ಮಾಡಿ ಕ್ಷಮೆ ಕೇಳಿದ, ಡೋಪಿಂಗ್ ಕೇಸಲ್ಲಿ 2012ರಲ್ಲಿ ಪಟ್ಟಾನೂ ಹೋಯ್ತು ಬಿಡಿ. "ಚೈನ್ ಬಿದ್ದವನನ್ನ ಬಿಟ್ಟು ಹೋಗೋದಾ, ಛೆ, ಅದೂ ಒಂದು ಸೈಕ್ಲಿಂಗಾ" ಅಂತ ನಮ್ಮ ಅಡ್ಮಿನ್ ಸಾಹೇಬ್ರು ಇಡ್ಲಿ ಮುರಿಯೋದನ್ನೂ ನಿಲ್ಲಿಸಿ ನೊಂದುಕೊಂಡ್ರು. ನಾನು ಗ್ರೀಸ್ ಮೆತ್ತಿದ ಎರಡೂ ಕೈ ಟೇಬಲ್ ಮೇಲಿಟ್ಟೆ.

"ಅದು ಎದುರಾಳಿ ವಿಷ್ಯ ಮಾರಾಯಾ," ಅಂದ್ರು. "ನೀನು ನಮಗೆ ಎದುರಾಳಿ ಅಲ್ವಲ್ಲ."

ಸಂಜೆ ಗ್ರೂಪಲ್ಲಿ ಹೊಸ ನಿಯಮ ಬಂತು, ಗುಂಡಿ ಕಂಡರೆ ಹಿಂದಿನವರಿಗೆ ಕೈ ತೋರಿಸಬೇಕು ಅನ್ನೋ ನಿಯಮದ ಕೆಳಗೆ (ಈ ಊರಲ್ಲಿ ಅದನ್ನ ಪಾಲಿಸಿದ್ರೆ ಹ್ಯಾಂಡಲ್ ಹಿಡಿಯೋಕೆ ಕೈ ಉಳಿಯಲ್ಲ). ಇನ್ಮೇಲೆ ದಾರೀಲಿ ಕೆಟ್ಟು ನಿಂತವರು, ಬರೋರು ಕೇಳೋಕೆ ಮುಂಚೇನೇ ಹೆಬ್ಬೆರಳು ಎತ್ತಿ ತೋರಿಸಬೇಕಂತೆ, ಹೋಗೋರ ಲಯ ಕೆಡಬಾರದಲ್ಲ. ಆಗಲೇ 23 ಜನ ಅದಕ್ಕೆ ಹೆಬ್ಬೆರಳು ಒತ್ತಿದ್ದಾರೆ.